ಸೋಮವಾರವನ್ನು ನಂಬದ ಓನರಮ್ಮ

ನಿನ್ನೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಪಾತ್ರೆಗೆ ಸುರಿಯುವ ಮುಂಚೆ ಮೂಗಿನ ಹತ್ತಿರ ಹಿಡಿದು ಮೂಸಿದೆ. ಹಸಿ ಹಾಲಿನ ತಣ್ಣನೆಯ ವಾಸನೆ, ಅದರ ಹಿಂದೆಯೇ ಪ್ಲಾಸ್ಟಿಕ್ಕಿನದು. "ದಿನಾ ಅದೇನ್ರೀ ಮೂಸೋದು? ಯಾರಾದ್ರೂ ವಿಷ ಹಾಕಿರ್ತಾರಾ?" ಎಂದು ಹೆಂಡತಿ ನಕ್ಕಳು. ನನಗೂ ನಗು ಬಂತು. ಈ ಚಟ ನನ್ನದಲ್ಲ. ಮದುವೆಗೆ ಮುಂಚೆ ರಾಮಮೂರ್ತಿ ನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರಮ್ಮನಿಂದ ಅಂಟಿಕೊಂಡದ್ದು.

ಅವರು ಹಾಲು ಮೂಸುತ್ತಿದ್ದರು, ಕೊತ್ತಂಬರಿ ಕಟ್ಟು ಬಿಚ್ಚಿ ಒಳಗಿನ ದಂಟು ನೋಡುತ್ತಿದ್ದರು, ಗ್ಯಾಸ್ ಸಿಲಿಂಡರ್ ಅಲ್ಲಾಡಿಸಿ ಕಿವಿಗೊಡುತ್ತಿದ್ದರು. ಕರೆಂಟ್ ಮೀಟರ್ ಓದಲು ಬಂದವನ ಗುರುತಿನ ಚೀಟಿ ಇಸಿದುಕೊಂಡು, ಚೀಟಿಯ ಮುಖವನ್ನೂ ಅವನ ಮುಖವನ್ನೂ ಹೋಲಿಸಿ, "ಇದ್ರಲ್ಲಿ ಮೀಸೆ ಐತೆ, ನಿಂಗಿಲ್ವಲ್ಲ?" ಎಂದು ಗೇಟಿನ ಹೊರಗೇ ನಿಲ್ಲಿಸುತ್ತಿದ್ದರು. ಆ ಸೀಮೆಯ ಹಳೇ ಹಳ್ಳಿಯ ಮನೆತನ ಅವರದು. ದ್ರಾಕ್ಷಿ ತೋಟ ಇತ್ತಂತೆ. ಗಂಡ ಯಾರದೋ ಮಾತು ನಂಬಿ ಓದದೆ ಒಂದು ಕಾಗದಕ್ಕೆ ಸಹಿ ಹಾಕಿ, ತೋಟವೆಲ್ಲ ಬಡಾವಣೆಯಾಗಿ ಹೋಗಿತ್ತು. ಗಂಡ ಅದೇ ಕೊರಗಿನಲ್ಲಿ ತೀರಿಕೊಂಡ ಮೇಲೆ, ಉಳಿದ ಜಾಗದಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟು, ಒಬ್ಬಳೇ ಮಗಳನ್ನು ಹೊಸಕೋಟೆಗೆ ಮದುವೆ ಮಾಡಿಕೊಟ್ಟಿದ್ದರು. ಆ ಸಹಿಯ ನಂತರ ಅವರು ಯಾರನ್ನೂ ನಂಬಲಿಲ್ಲ ಎಂದು ಹಳಬರು ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ… ಒಬ್ಬರನ್ನು ನಂಬಿದ್ದರು.

ಆ ಒಬ್ಬರು ಅವರ ತಮ್ಮ. ತಾಯಿ ಬೇಗ ತೀರಿಕೊಂಡಿದ್ದರಿಂದ ಓನರಮ್ಮನೇ ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದ ತಮ್ಮ. ಪಕ್ಕದ ರಸ್ತೆಯಲ್ಲಿ ಅವರಿಗೆ ಸ್ವಂತ ಮನೆಯಿದ್ದರೂ ಮಧ್ಯಾಹ್ನದ ಮುದ್ದೆ ಊಟ ಅಕ್ಕನ ಮನೆಯಲ್ಲೇ. ಸಂಜೆ ಮತ್ತೆ ಕಾಫಿಗೆ ಬಂದು ಜಗಲಿಯ ಮೇಲೆ ಕೂತು ಪೇಪರ್ ಓದಿ ಹೇಳುತ್ತಿದ್ದರು. ಓನರಮ್ಮನಿಗೆ ಓದಲು ಬರುತ್ತಿತ್ತು, ಆದರೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಕನ್ನಡಕ ಮಾಡಿಸಿಕೊಳ್ಳಿ ಎಂದರೆ, "ಅಂಗ್ಡಿಯವ್ನು ಯಾರ್ದೋ ಹಳೇ ಗಾಜು ಹಾಕ್ಕೊಡ್ತಾನೆ" ಎನ್ನುತ್ತಿದ್ದರು.

ಮನೆಯ ಹಿಂದೆ ಊರಿನ ಗುಂಡುತೋಪು ಇತ್ತು. ದಾರಿಹೋಕರ ನೆರಳಿಗೆಂದು ಹಿಂದಿನವರು ನೆಟ್ಟ ಮಾವು, ಹುಣಸೆ, ನೇರಳೆ ಮರಗಳು. ಯಾರೊಬ್ಬರಿಗೂ ಸೇರದ, ಎಲ್ಲರಿಗೂ ಸೇರಿದ ಜಾಗ. ಸುತ್ತಲೂ ಮನೆಗಳು ಎದ್ದು ಮುಗಿದ ಮೇಲೆ ಅದನ್ನೂ ಸೈಟು ಮಾಡುವ ಆಸೆ ಯಾರಿಗೋ ಹುಟ್ಟಿತು. ಬಡಾವಣೆಯವರೆಲ್ಲ ಕೆಲಸಕ್ಕೆ ಹೋಗಿರುವ ಹೊತ್ತಿನಲ್ಲಿ ಒಂದೊಂದೇ ಮರ ಉರುಳತೊಡಗಿತು. ಕಚೇರಿಗೆ ದೂರು ಕೊಟ್ಟರೆ, ಕಡಿಯುವುದನ್ನು ಕಂಡವರು ಯಾರು ಎಂದು ಕೇಳುತ್ತಿದ್ದರು. ಕಂಡವರು ಇರುತ್ತಿರಲಿಲ್ಲ.

ನಾನಾಗ ಶಿವಾಜಿನಗರದ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಕರಪತ್ರಗಳನ್ನು ಟೈಪ್ ಮಾಡುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು, ಬಡಾವಣೆಯ ಬಹಳಷ್ಟು ಜನಕ್ಕೆ ಆಫೀಸಿನಲ್ಲಿ ಈಮೇಲ್ ಬಂದಿತ್ತು. ನಿವಾಸಿಗಳ ಸಂಘದ ಅಧ್ಯಕ್ಷರು, ಬ್ಯಾಂಕಿನಿಂದ ನಿವೃತ್ತರಾದವರು, ಈಮೇಲಿನಲ್ಲೇ ಒಂದು ಪತ್ರಿಕೆ ಹೊರಡಿಸೋಣ ಎಂದರು. ಕನ್ನಡದ ಅಕ್ಷರ ಬೇರೆಯವರ ಕಂಪ್ಯೂಟರಿನಲ್ಲಿ ಬರೀ ಚೌಕಗಳಾಗಿ ಕಾಣುತ್ತಿದ್ದ ಕಾಲ. ಪುಟವನ್ನು ಚಿತ್ರ ಮಾಡಿ ಲಗತ್ತಿಸುವುದು ನನಗೆ ಗೊತ್ತಿದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು.

ಎಷ್ಟು ದಿನಕ್ಕೊಮ್ಮೆ ಹೊರಡಿಸಬೇಕು ಎನ್ನುವುದಕ್ಕೆ ಒಂದು ಇಡೀ ಭಾನುವಾರದ ಬೆಳಗು ಹಿಡಿಯಿತು. ಸಭೆ ನಡೆದದ್ದು ಓನರಮ್ಮನ ಎದುರುಮನೆಯಾದ ಅಧ್ಯಕ್ಷರ ಮನೆಯ ಪೋರ್ಟಿಕೋದಲ್ಲಿ. ತಿಂಗಳಿಗೊಮ್ಮೆ ಸಾಕು, ಗಂಭೀರವಾಗಿರುತ್ತದೆ ಎಂದರು ಅಧ್ಯಕ್ಷರು. ತಿಂಗಳು ಕಳೆಯುವಷ್ಟರಲ್ಲಿ ತೋಪೇ ಇರುವುದಿಲ್ಲ ಎಂದರು ಕೆಲವರು. ದಿನಾ ಕಳಿಸಿದರೆ ಯಾರೂ ತೆಗೆದೇ ನೋಡುವುದಿಲ್ಲ ಎಂಬ ಮಾತೂ ಬಂತು. ಕೊನೆಗೆ ವಾರಕ್ಕೊಮ್ಮೆ, ಸೋಮವಾರ ಎಂದಾಯಿತು. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಓನರಮ್ಮ ಹೇಳಿದರು:

"ದಿನ ಗೊತ್ತು ಮಾಡ್ಬ್ಯಾಡ್ರಿ. ನೀವು ಸೋಮ್ವಾರ ಅಂದ್ರೆ ಅವ್ರು ಮಂಗ್ಳಾರ ಬರ್ತಾರೆ."

ಅಧ್ಯಕ್ಷರು ನಕ್ಕರು. "ಅಮ್ಮಾ, ಪತ್ರಿಕೆ ಅಂದ್ರೆ ಒಂದು ನಿಯಮ ಇರ್ಬೇಕು. ಜನ ಕಾಯ್ತಿರ್ತಾರೆ."

"ಜನ ಕಾಯ್ತಾರೋ, ಇನ್ಯಾರ್ ಕಾಯ್ತಾರೋ…" ಎಂದು ಅವರು ಒಳಗೆ ಹೋದರು.

ಮೊದಲ ಸೋಮವಾರ ಪತ್ರಿಕೆ ಹೋಯಿತು. ಓನರಮ್ಮನಿಗೆಂದು ಒಂದು ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ತಂದುಕೊಟ್ಟೆ. ಅದೂ ಅವರಿಗೆ ಸರಿಯಾಗಿ ಕಾಣಲಿಲ್ಲ. ಸಂಜೆ ಜಗಲಿಯಲ್ಲಿ ಕೂತು ತಮ್ಮ ಅದನ್ನು ಅಕ್ಕನಿಗೆ ಓದಿ ಹೇಳುವುದು ನನ್ನ ಕೋಣೆಗೂ ಕೇಳಿಸಿತು. ಎಷ್ಟು ಚೆನ್ನಾಗಿ, ಬಿಡಿಸಿ ಬಿಡಿಸಿ ಓದುತ್ತಿದ್ದರು! ಮಾರನೆಯ ದಿನ ಬೆಳಿಗ್ಗೆ ನಾವೆಲ್ಲ ಬಸ್ಸು ಹತ್ತಿದ ಮೇಲೆ ಒಂದು ನೇರಳೆ ಮರ ಬಿತ್ತು. ಮುಂದಿನ ಸೋಮವಾರ ನಾನದನ್ನು ಬರೆಯುವಷ್ಟರಲ್ಲಿ ಮರ ಎಲ್ಲಿಗೋ ಸಾಗಿ, ಬುಡದ ಗುಂಡಿ ಮುಚ್ಚಿ, ಮೇಲೆ ಜಲ್ಲಿ ಸುರಿದಿದ್ದರು. ಆ ವಾರವೂ ಮಂಗಳವಾರವೇ ಇನ್ನೊಂದು.

ಅಧ್ಯಕ್ಷರಿಗೆ ಗಾಬರಿಯಾಯಿತು. ಯಾರಿಗೂ ಮುಂಚಿತವಾಗಿ ಹೇಳದೆ ಪತ್ರಿಕೆಯನ್ನು ಗುರುವಾರಕ್ಕೆ ಬದಲಾಯಿಸಿದೆವು. ಮರ ಶುಕ್ರವಾರ ಬಿತ್ತು.

ಅಲ್ಲಿಂದ ಬಡಾವಣೆಯಲ್ಲಿ ಯಾರೂ ಯಾರನ್ನೂ ನೇರವಾಗಿ ನೋಡದಂತಾಯಿತು. ಪತ್ರಿಕೆ ತಲುಪುವ ಯಾರಾದರೂ ಆಗಿರಬಹುದಿತ್ತು. ಹಾಲಿನ ಬೂತಿನ ಮುಂದೆ ನಾಲ್ಕು ಜನ ಮಾತಾಡುತ್ತಿದ್ದವರು ಐದನೆಯವರು ಬಂದರೆ ಕ್ರಿಕೆಟ್ಟಿನ ವಿಷಯ ತೆಗೆಯುತ್ತಿದ್ದರು. ಅಧ್ಯಕ್ಷರು ಪೋರ್ಟಿಕೋದಲ್ಲಿ ನನ್ನ ಹತ್ತಿರ ದನಿ ತಗ್ಗಿಸಿ, "ಆ ಹಳ್ಳಿಯವರ ಮನೆಗೆ ಪ್ರಿಂಟ್ ಕೊಡೋದು ನಿಲ್ಸಪ್ಪ. ತೋಪಿನ ಸುತ್ತ ಇರೋದೆಲ್ಲ ಅವರ ನೆಂಟರೇ" ಎಂದರು. ದನಿ ಸಾಕಷ್ಟು ತಗ್ಗಿರಲಿಲ್ಲ. ಎದುರು ಗೇಟಿನಲ್ಲಿ ರಂಗೋಲಿ ಹಾಕುತ್ತಿದ್ದ ಓನರಮ್ಮನ ಕೈ ನಿಂತದ್ದನ್ನು ನಾನು ನೋಡಿದೆ.

ಅವರಿಗಾದರೋ ಅನುಮಾನ ಮೊದಲು ಅಧ್ಯಕ್ಷರ ಮೇಲೇ ಇತ್ತು. ಆಮೇಲೆ ಅದು ನನ್ನ ಮೇಲೆ ತಿರುಗಿತು. ಒಂದು ಮಧ್ಯಾಹ್ನ ಬಸ್ಸು ಹಿಡಿದು ಶಿವಾಜಿನಗರಕ್ಕೆ ಬಂದು, ರಸ್ಸೆಲ್ ಮಾರ್ಕೆಟ್ಟಿನ ಸಂದಿಯಲ್ಲಿ ಹುಡುಕಿಕೊಂಡು ನಮ್ಮ ಅಂಗಡಿಗೇ ಬಂದುಬಿಟ್ಟರು. ಲ್ಯಾಮಿನೇಷನ್ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ನನ್ನ ಪರದೆಯನ್ನು ಯಾರು ಯಾರು ಇಣುಕುತ್ತಾರೆ ಎಂದು ಸಂಜೆಯವರೆಗೂ ಕಾದರು. ಅಂಗಡಿಯ ಭಾಯ್ ಎರಡು ಸಲ ಚಹಾ ತರಿಸಿಕೊಟ್ಟರು. ಎರಡು ಸಲವೂ ಮೂಸಿ, ಕುಡಿಯದೆ ಕೆಳಗಿಟ್ಟರು.

"ಯಾರಪ್ಪಾ ಈ ಅಮ್ಮ? ಸಿಐಡಿನಾ?" ಭಾಯ್ ನನ್ನ ಕಿವಿಯಲ್ಲಿ ಕೇಳಿದರು.

"ಮನೆ ಓನರ್ರು, ಭಾಯ್."

"ಅಯ್ಯೋ ಅಲ್ಲಾ! ನೀನ್ ಹೆಂಗ್ ಇದೀಯ ಅಲ್ಲಿ?"

ವಾಪಸು ಬರುವಾಗ ಬಸ್ಸಿನಲ್ಲಿ ಹಲಸೂರು ದಾಟುವ ತನಕ ಅವರು ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಎಣಿಸಿ ಎಣಿಸಿ ನೋಡಿದರು. ಆಮೇಲೆ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದರು: "ನಿನ್ ಅಂಗ್ಡೀಲಿ ಯಾರೂ ಇಲ್ಲ. ನೀನೂ ಅಲ್ಲ." ಟಿನ್ ಫ್ಯಾಕ್ಟರಿಯ ಹತ್ತಿರ ಬಸ್ಸು ನಿಂತಾಗ ಮತ್ತೆ ಅಂದರು, "ನನ್ ಮನೆಗೆ ಕೊಡ್ಬ್ಯಾಡ ಅಂದ್ನಲ್ಲ ಆವಪ್ಪ… ಯಾಕಂದ?"

"ಸುಮ್ನೆ ಏನೋ ಅಂದ್ರು, ಅಮ್ಮ. ಬಿಡಿ."

ಅವರು ಬಿಡಲಿಲ್ಲ. ಅದು ಅವರೊಳಗೆ ಏನು ಮಾಡಿತೋ ನನಗೆ ಗೊತ್ತಿಲ್ಲ. ಮುಂದಿನ ವಾರ ನನ್ನ ಕೋಣೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ ಹೇಳಿದರು: "ಈ ವಾರ ನಿನ್ ಪೇಪರ್ ಕಳಿಸ್ಬ್ಯಾಡ. ಮಾಡಿಟ್ಟಿರು. ನಾನ್ ಫೋನ್ ಮಾಡಿದ್ ಗಳಿಗೆಗೆ ಎಲ್ರಿಗೂ ಬಿಡು. ಅಲ್ಲೀವರ್ಗೂ ಯಾರ್ಗೂ ಹೇಳ್ಬ್ಯಾಡ… ಆ ಅಧ್ಯಕ್ಷನ್ಗೂ."

ಗುರುವಾರ ಬಂತು, ನಾನು ಕಳಿಸಲಿಲ್ಲ. ಅಧ್ಯಕ್ಷರು ಅಂಗಡಿಗೆ ಫೋನ್ ಮಾಡಿ ಕೇಳಿದಾಗ, ಇನ್ನೇನು ಹೊರಟಿತು ಎಂದೆ. ಶುಕ್ರವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದಾಗ ಫೋನ್ ಬಂತು. ಹಿಂದೆ ಲಾರಿಗಳ ಸದ್ದು. ಅವರು ಮನೆಯ ಫೋನ್ ಬಿಟ್ಟು ಮುಖ್ಯರಸ್ತೆಯ ಟೆಲಿಫೋನ್ ಬೂತಿನಿಂದ ಮಾತಾಡುತ್ತಿದ್ದರು.

"ಬಂದವ್ರೆ. ಬಿಡು."

ಅಷ್ಟೇ. "ಈಗ, ಈ ಗಳಿಗೆಯಲ್ಲಿ, ನಮ್ಮ ತೋಪಿನಲ್ಲಿ ಮರ ಕಡಿಯುತ್ತಿದ್ದಾರೆ" ಎಂದು ಮೇಲೆ ಒಂದು ಸಾಲು ಸೇರಿಸಿ ಕಳಿಸಿದೆ. ಭಾಯ್ ಏನೂ ಕೇಳದೆ ತಮ್ಮ ಸ್ಕೂಟರಿನ ಕೀ ಕೊಟ್ಟರು.

ನಾನು ತಲುಪುವಷ್ಟರಲ್ಲಿ ತೋಪಿನ ತುಂಬ ಹೆಂಗಸರು. ಆಫೀಸಿನಲ್ಲಿ ಪತ್ರಿಕೆ ನೋಡಿದ ಗಂಡಂದಿರು ಮನೆಗೆ ಫೋನ್ ಮಾಡಿದ್ದರು. ನೈಟಿಯ ಮೇಲೆ ಟವೆಲ್ ಹೊದ್ದು, ಒಗೆಯುವ ಬಟ್ಟೆ ಬಿಟ್ಟು ಬಂದವರು ಹುಣಸೆ ಮರದ ಸುತ್ತ ನಿಂತಿದ್ದರು. ಗರಗಸ ಮರದೊಳಗೆ ಅರ್ಧ ಇಳಿದು ನಿಂತಿತ್ತು. ಅಧ್ಯಕ್ಷರು ಅರಣ್ಯ ಇಲಾಖೆಯವರಿಗೆ ಫೋನಿನಲ್ಲಿ ಕೂಗಿ ಹೇಳುತ್ತಿದ್ದರು. ಕೂಲಿಯವರ ಹಿಂದೆ, ಬಿಳಿ ಅಂಗಿ ತೊಟ್ಟು, ಕೈಯಲ್ಲಿ ಅಳತೆಯ ಟೇಪು ಹಿಡಿದು ನಿಂತಿದ್ದವರು ಓನರಮ್ಮನ ತಮ್ಮ.

ಓನರಮ್ಮ ಎಲ್ಲರಿಗಿಂತ ಕೊನೆಯಲ್ಲಿ ಬಂದರು. ಹೆಂಗಸರು ದಾರಿ ಬಿಟ್ಟರು.

"ಅಕ್ಕಾ, ನೀನ್ ಮನೆಗ್ ಹೋಗು. ನಿಂಗ್ ಗೊತ್ತಾಗಲ್ಲ ಇದು" ಎಂದರು ತಮ್ಮ.

"ಈ ವಾರ ಪೇಪರ್ ಬರಲ್ಲ, ಆ ಹುಡ್ಗ ಊರಿಗೋಗವ್ನೆ ಅಂತ ನಿಂಗೊಬ್ಬನ್ಗೇ ಹೇಳಿದ್ದು ಕಣೋ" ಎಂದರು ಓನರಮ್ಮ. ದನಿ ಏರಿರಲಿಲ್ಲ. "ಇನ್ನೊಂದ್ ಪ್ರಾಣಿಗೆ ಹೇಳಿಲ್ಲ."

ಆಗ ನನಗೆ ಅರ್ಥವಾಯಿತು. ಮುಂದಿನದಕ್ಕೆ ಇನ್ನೂ ವಾರವಿದೆ ಎಂದು ಪತ್ರಿಕೆ ಹೊರಟ ಮಾರನೆಯ ದಿನ ಮಾತ್ರ ಬರುತ್ತಿದ್ದವರು, ಪತ್ರಿಕೆಯೇ ಹೊರಡದ ವಾರ ಧೈರ್ಯವಾಗಿ ಬಂದಿದ್ದರು. ಉಳಿದವರೆಲ್ಲ ಪತ್ರಿಕೆ ಇನ್ನೇನು ಬರುತ್ತದೆ ಎಂದು ಕಾಯುತ್ತಿದ್ದರು. ಬರುವುದಿಲ್ಲ ಎಂದು ನಂಬಿದ್ದವರು ಒಬ್ಬರೇ.

ತಮ್ಮನ ತಲೆ ತಗ್ಗಿತು. ಓನರಮ್ಮ ಅವರ ಕೈಯಿಂದ ಟೇಪು ತೆಗೆದುಕೊಂಡರು. "ಊಟಕ್ ಬರ್ತೀಯ ಅಂತ ಮುದ್ದೆ ತೊಳಸಿಟ್ಟು ಬಂದಿವ್ನಿ. ಬಾ, ಉಣ್ಣುವೆಯಂತೆ."

ಅವರು ಹೋಗಲಿಲ್ಲ. ಅಂದು ಮಾತ್ರವಲ್ಲ, ಮತ್ತೆಂದೂ ಆ ಮನೆಗೆ ಹೋಗಲಿಲ್ಲ. ಸೈಟು ಮಾಡುವವರ ಜೊತೆ ಅವರು ಹೇಗೆ ಸೇರಿದರು, ಯಾವ ಮಾತಿಗೆ ಬಿದ್ದರು ಎಂಬ ವಿವರ ಆಮೇಲೆ ನಿಧಾನವಾಗಿ ಹೊರಬಂತು. ಕೇಸಾಯಿತು. ಬದುಕಿದ ಮರಗಳಿಗೆ ಬೇಲಿ ಬಂತು. ಸಂಘದವರು ಓನರಮ್ಮನಿಗೆ ಶಾಲು ಹೊದಿಸಲು ಬಂದರೆ, ತಲೆನೋವು ಎಂದು ಮಲಗಿಬಿಟ್ಟರು. ಪತ್ರಿಕೆಯನ್ನು ಇನ್ನು ಎಷ್ಟು ದಿನಕ್ಕೊಮ್ಮೆ ಕಳಿಸಲಿ ಎಂದು ನಾನು ಕೇಳಿದೆ. "ದಿನಾ ಕಳ್ಸು, ವರ್ಷಕ್ಕೊಂದ್ಸಲ ಕಳ್ಸು… ನಂಗೇನಪ್ಪ" ಎಂದರು. ಸೋಮವಾರಕ್ಕೇ ಮರಳಿದೆವು. ಕೆಲವು ತಿಂಗಳಲ್ಲಿ ಅದು ಹದಿನೈದು ದಿನಕ್ಕೊಮ್ಮೆಯಾಗಿ, ಆಮೇಲೆ ಯಾರೂ ಕೇಳದೆ ನಿಂತುಹೋಯಿತು.

ಓನರಮ್ಮ ಆಮೇಲೆ ಮೀಟರಿನವನನ್ನು ಗೇಟಿನಲ್ಲಿ ನಿಲ್ಲಿಸಲಿಲ್ಲ. ಯಾರು ಬಂದರೂ ಬಾಗಿಲು ತೆರೆದೇ ಇರುತ್ತಿತ್ತು. ನಾನು ಮನೆ ಖಾಲಿ ಮಾಡುವ ದಿನ ಸಾಮಾನು ಎಣಿಸಲೂ ಬರಲಿಲ್ಲ, ಗೋಡೆಯ ಮೊಳೆ ನೋಡಲೂ ಬರಲಿಲ್ಲ. ಕಾಲಿಗೆ ನಮಸ್ಕಾರ ಮಾಡಿದಾಗ ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡೇ ಹೇಳಿದರು: "ಮರ ಉಳೀತು ಅಂತ ಎಲ್ರೂ ಹೊಗಳ್ತಾರೆ. ಆವತ್ ಅವ್ರು ಬಂದಿದ್ ಕಂಡ್ಮೇಲೂ, ಆ ಬೂತ್ನಾಗೆ ನಿಂತಾಗ್ಲೂ, ನನ್ ಅನುಮಾನ ಸುಳ್ಳಾಗ್ಲಿ ದೇವ್ರೇ ಅಂತ ಬೇಡ್ಕೊಂತಿದ್ದೆ ಕಣಪ್ಪ. ಅದೊಂದ್ಸಲ ಸುಳ್ಳಾಗ್ಬಾರ್ದಿತ್ತಾ…"

ಅವರು ಹೋದ ಸುದ್ದಿ ನನಗೆ ತಿಳಿದಾಗ ಕಾರ್ಯಗಳೆಲ್ಲ ಮುಗಿದಿದ್ದವು. ಹಳೆಯ ಬಾಡಿಗೆಯವನಿಗೆ ಹೇಳಿಕಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೋಗಿ ಮಗಳನ್ನು ಮಾತಾಡಿಸಿ, ಹಿಂದಿನ ತೋಪಿಗೆ ನಡೆದೆ. ಈಗ ಅದು ಪಾರ್ಕು. ಕಲ್ಲುಬೆಂಚಿನ ಮೇಲೆ ಬಿಳಿ ಅಂಗಿ ತೊಟ್ಟ ಮುದುಕರೊಬ್ಬರು ಕೂತಿದ್ದರು. ಅವರೇ ನನ್ನನ್ನು ಮೊದಲು ಗುರುತು ಹಿಡಿದು, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು:

"ಅಕ್ಕ ನನ್ ವಿಷ್ಯ ಏನಾದ್ರೂ ಅಂತಿದ್ಲಾ?"

ಓನರಮ್ಮ ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಬೂತಿನಲ್ಲಿ ನಿಂತು ಬೇಡಿಕೊಂಡದ್ದನ್ನು.

"ನನ್ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

"ಇಲ್ಲ ಸಾರ್. ನನ್ ತಲೆ ಮೇಲೆ ಕೈಯಿಟ್ಟು ಹೇಳಿದ್ರು."

ಅವರು ನನ್ನ ಮುಖವನ್ನೇ ನೋಡಿದರು. "ನಿಜಾನಾ?" ಎಂದರು. ನಿಜ ಎಂದೆ. ಎದ್ದು ಗೇಟಿನವರೆಗೆ ನಡೆದು, ಅಲ್ಲಿಂದ ತಿರುಗಿ ಬಂದು, ಇನ್ನೊಮ್ಮೆ ಅದನ್ನೇ ಕೇಳಿದರು.