ನಾಗಮ್ಮನವರ ಹಾಲು ಮತ್ತು ನನ್ನ ಅರ್ಜಿ

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ನಮ್ಮ ಸೀಮೆಯ ಮಕ್ಕಳು ಯಾವ ವಿಷಯ ಕೊಟ್ಟರೂ ‘ಇಂದಿನ ಆಧುನಿಕ ಯುಗದಲ್ಲಿ’ ಎಂದೇ ಪ್ರಬಂಧ ಆರಂಭಿಸುತ್ತಾರಲ್ಲ, ಆ ಪಾಪದಲ್ಲಿ ನನಗೂ ಪಾಲಿದೆ. ಇಪ್ಪತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಬೋರ್ಡಿನ ಮೇಲೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಬರೆದು, ಒಂದೊಂದರ ಕೆಳಗೂ ಗೆರೆ ಎಳೆದು, ಕೈಗಂಟಿದ ಸೀಮೆಸುಣ್ಣ ಒರೆಸಿಕೊಂಡರೆ ನನ್ನ ಕೆಲಸ ಮುಗಿಯುತ್ತಿತ್ತು. ಮಕ್ಕಳು ಪಾಪ, ಹೇಳಿದ ಮಾತು ಕೇಳುವವರು. ಮೂರನ್ನೂ ತುಂಬಿಸಿಕೊಟ್ಟರು. ‘ಗ್ರಂಥಾಲಯ ಬಹಳ ಮುಖ್ಯ. ಏಕೆಂದರೆ ಗ್ರಂಥಾಲಯವಿಲ್ಲದಿದ್ದರೆ ಆಗುವುದಿಲ್ಲ. ಆದ್ದರಿಂದ ಗ್ರಂಥಾಲಯ ಬಹಳ ಮುಖ್ಯ.’ ಗಾಣದ ಎತ್ತಿನ ಹಾಗೆ ಹೊರಟಲ್ಲಿಗೇ ಬಂದು ನಿಂತ ಈ ವಾಕ್ಯಗಳಿಗೆ ನಾನು ಹತ್ತಕ್ಕೆ ಏಳು ಕೊಟ್ಟಿದ್ದೇನೆ. ಅಕ್ಷರ ದುಂಡಗಿದ್ದರೆ ಎಂಟು.

ಗೊತ್ತಿರಲಿಲ್ಲ ಎಂದು ಜಾರಿಕೊಳ್ಳುವ ಹಾಗೂ ಇಲ್ಲ. ನಂಜನಗೂಡಿನ ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ತಾತ ತರ್ಕ ಓದಿದ್ದವರು. ಬೆಟ್ಟದಲ್ಲಿ ಬೆಂಕಿಯಿದೆ, ಯಾಕೆ, ಹೊಗೆ ಕಾಣುತ್ತಿದೆ, ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯ ಹಾಗೆ, ಈ ಬೆಟ್ಟದಲ್ಲೂ ಅಂಥದೇ ಹೊಗೆ, ಆದ್ದರಿಂದ ಬೆಂಕಿಯಿದೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಇದನ್ನು ನಾನು ಏಳನೆಯ ವಯಸ್ಸಿಗೇ ಗಿಣಿಯ ಹಾಗೆ ಒಪ್ಪಿಸುತ್ತಿದ್ದೆ. ತಾತ ಕಲ್ಲುಸಕ್ಕರೆ ಕೊಡುತ್ತಿದ್ದರು. ಅಜ್ಜಿ ಮಾತ್ರ ಒಳಗಿನಿಂದ, “ಬೆಟ್ಟದ ಬೆಂಕಿ ಆಮೇಲೆ ಆಗಲಿ, ಯಾರಾದರೂ ಈ ಒಲೆ ಊದಿ” ಎನ್ನುತ್ತಿದ್ದರು. ಕಲ್ಲುಸಕ್ಕರೆ ಕರಗಿತು, ತರ್ಕವೂ ಅದರ ಜೊತೆಯಲ್ಲೇ ಕರಗಿಹೋಯಿತು.

ಅದು ಮತ್ತೆ ಸಿಕ್ಕಿದ್ದು ತಿ. ನರಸೀಪುರದ ಕಡೆ. ಹೆಮ್ಮಿಗೆ ದಾಟಿ ಮುಂದೆ ಹೋದರೆ ಒಂದು ಊರು, ನನ್ನ ಶಾಲೆ ಇದ್ದದ್ದು ಅಲ್ಲಿ. ಹೆಸರು ಬೇಡ, ಅಲ್ಲಿಯ ಡೈರಿಯವರೆಲ್ಲ ನನಗೆ ಬೇಕಾದವರು. ಶನಿವಾರ ನಂಜನಗೂಡಿಗೆ ಬಂದು, ಭಾನುವಾರ ಸಂಜೆ ಹಿಂದಿರುಗಿ, ವಾರವೆಲ್ಲ ಆ ಊರಿನ ನಾಗಮ್ಮ ಎಂಬುವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿರುತ್ತಿದ್ದೆ. ಅರವತ್ತರ ಆಸುಪಾಸಿನ ಹೆಂಗಸು. ಎರಡು ಹಸು, ರುಜು ಹಾಕುವಷ್ಟು ಅಕ್ಷರ, ಯಾರಿಗೂ ತಲೆ ತಗ್ಗಿಸದ ನಡಿಗೆ.

ಆ ವರ್ಷ ಹಾಲಿನ ಡೈರಿ ಊರ ಆ ಕೊನೆಯಿಂದ ನಾಗಮ್ಮನವರ ಪಕ್ಕದ ಕಟ್ಟಡಕ್ಕೇ ಬಂತು. ಅವರಿಗೋ ಹಿಗ್ಗು. ಹಾಲು ಕರೆದು, ಸೆರಗು ಸರಿಮಾಡಿಕೊಂಡು, ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುತ್ತಿದ್ದರು. ಆದರೆ ಆ ಹಿಗ್ಗು ಮೊದಲ ದಿನವೇ ಇಳಿಯಿತು. ಡೈರಿಯಲ್ಲಿ ಗಾಜಿನ ಕಡ್ಡಿಯಂಥ ಲ್ಯಾಕ್ಟೋಮೀಟರ್ ಇರುತ್ತದಲ್ಲ, ಒಳ್ಳೆಯ ಹಾಲಿನಲ್ಲಿ ಬಿಟ್ಟರೆ ತಲೆಯೆತ್ತಿ ತೇಲುತ್ತದೆ, ನೀರು ಬೆರೆಸಿದ್ದರೆ ಮುಳುಗುತ್ತದೆ. ನಾಗಮ್ಮನವರ ಹಾಲಿನಲ್ಲಿ ಅದು ಮುಳುಗಿತು. ಸೆಕ್ರೆಟರಿ ಶಿವಣ್ಣ ಹಾಲು ವಾಪಸ್ಸು ಕಳಿಸಿದ. ಮರುದಿನವೂ ವಾಪಸ್ಸು, ಅದರ ಮರುದಿನವೂ. ಹೀಗೇ ಆದರೆ ಸಂಘದಿಂದ ಹೆಸರು ತೆಗೆಯಬೇಕಾಗುತ್ತದೆ ಎಂದ. ಸಾಲಿನಲ್ಲಿದ್ದ ಹೆಂಗಸರು ಮುಸಿಮುಸಿ ನಕ್ಕರಂತೆ. ಆ ರಾತ್ರಿ ನಾಗಮ್ಮ ಊಟ ಮಾಡಲಿಲ್ಲ. “ಆಲು ಓಗ್ಲಿ ಬುಡಿ ಟೀಚರಮ್ಮ, ಎಸ್ರೇ ಓಯ್ತದಲ್ಲ” ಎಂದರು.

ಕನ್ನಡ ಟೀಚರ್ ಮನೆಯಲ್ಲಿರುವಾಗ ನಾಗಮ್ಮನವರಿಗೆ ಅನ್ಯಾಯವೇ ಎಂದು ನಾನು ಪೆನ್ನು ಹಿಡಿದೆ. ಎರಡು ಪುಟದ ಅರ್ಜಿ. ‘ಸತ್ಯವನ್ನೇ ಉಸಿರಾಗಿಸಿಕೊಂಡ, ಗೋಮಾತೆಯನ್ನು ಹೆತ್ತ ತಾಯಿಯಂತೆ ಪೂಜಿಸುವ, ಗ್ರಾಮದ ಕಣ್ಮಣಿಯಾದ ಶ್ರೀಮತಿ ನಾಗಮ್ಮನವರು...’ ಪೀಠಿಕೆ ಇತ್ತು, ವಿವರಣೆ ಇತ್ತು, ಉಪಸಂಹಾರದಲ್ಲಿ ಕಣ್ಣೀರೂ ಇತ್ತು. ರಾಗವಾಗಿ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಬೋ ಚೆನ್ನಾಗದೆ ಟೀಚರಮ್ಮ. ಆದ್ರೆ ನೀರು ಬೆರ್ಸೋಳೂ ಇಂಗೇ ಬರ್ಸಬೋದಲ್ವಾ?”

ಅಷ್ಟು ವರ್ಷ ನಾನು ಏಳು, ಎಂಟು ಎಂದು ಅಂಕ ಹಾಕಿದ ಪ್ರಬಂಧಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು.

ಇಷ್ಟರಲ್ಲಿ ಒಂದು ಸೋಜಿಗ ಊರಿನ ಬಾಯಿಗೆ ಬಿದ್ದಿತ್ತು. ಸೋಮವಾರ ಮಾತ್ರ ನಾಗಮ್ಮನವರ ಹಾಲು ಪಾಸಾಗುತ್ತಿತ್ತು! ಆ ದಿನ ಅವರು ಹಾಲು ಕರೆದು, ಮೊದಲು ಈಶ್ವರನ ಗುಡಿಗೆ ಹೋಗಿ, ಆಮೇಲೆ ಡೈರಿಗೆ ಬರುತ್ತಿದ್ದರು. ಬೇಕಾದವರು ಸ್ವಾಮಿಯ ಮಹಿಮೆ ಎಂದರು. ಬೇಡದವರು, ದೇವರ ಭಯಕ್ಕೆ ಸೋಮವಾರವೊಂದು ದಿನ ನೀರು ಬೆರೆಸುವುದಿಲ್ಲ ಎಂದರು. ನೋಡಿ, ಸಂಗತಿ ಒಂದೇ, ತೀರ್ಮಾನ ಎರಡು. ನಾನು, ತರ್ಕ ಓದಿದವರ ಮೊಮ್ಮಗಳು, ಮಹಿಮೆಯ ಪಕ್ಷಕ್ಕೆ ಸೇರಿ ಅದನ್ನೂ ಅರ್ಜಿಗೆ ಸೇರಿಸಲು ಹೊರಟಿದ್ದೆ. ನಾಗಮ್ಮ ತಡೆದರು. “ಸಿವ ಸೋಮ್ವಾರ ಮಾತ್ರ ಆಲು ಗಟ್ಟಿ ಮಾಡಾನಾ? ಮಿಕ್ಕ ಆರು ದಿನ ಅವನಿಗೇನು ರಜವಾ?”

ಆಮೇಲೆ ಅವರು ಮಾಡಿದ್ದನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ. ಒಂದು ಗುರುವಾರ ಗುಡಿಗೆ ಹೋಗದೆ, ಕರೆದ ಹಾಲನ್ನು ಪಕ್ಕದಲ್ಲಿಟ್ಟುಕೊಂಡು ಜಗುಲಿಯ ಮೇಲೆ ಸುಮ್ಮನೆ ಕೂತು, ಎಲ್ಲರಿಗಿಂತ ಕಡೆಗೆ ಡೈರಿಗೆ ಹೋದರು. ಹಾಲು ಪಾಸಾಯಿತು. ಮುಂದಿನ ಸೋಮವಾರ ಕ್ರಮ ತಿರುಗಿಸಿದರು: ಮೊದಲು ಡೈರಿ, ಆಮೇಲೆ ಗುಡಿ. ಹಾಲು ವಾಪಸ್ಸು. ಅಲ್ಲಿಗೆ ಮಹಿಮೆಯೂ ಹೋಯಿತು, ದೇವರ ಭಯವೂ ಹೋಯಿತು. ಉಳಿದದ್ದು ಹೊತ್ತು ಒಂದೇ. ಮಿಕ್ಕವರ ಹಾಲು ದೂರದಿಂದ ಬರುವಷ್ಟರಲ್ಲಿ ಆರಿರುತ್ತದೆ, ಇವರದು ಕೆಚ್ಚಲ ಬಿಸಿಯಲ್ಲೇ ಅಳತೆಗೆ ಬೀಳುತ್ತದೆ. ಬಿಸಿ ಹಾಲು ತೆಳು, ನೀರು ಬೆರೆಸಿದ ಹಾಲಿನ ಹಾಗೇ ಅದರಲ್ಲೂ ಕಡ್ಡಿ ಮುಳುಗುತ್ತದೆ. ಆದರೆ ಆ ಸೋಮವಾರದ ವಾಪಸ್ಸಿಗೆ ಕಮಿಟಿಯವರು ಮರುದಿನವೇ ಸಭೆ ಕರೆದರು. ಹೆಸರು ಇರುವುದೋ ಹೋಗುವುದೋ ಅಲ್ಲೇ ತೀರ್ಮಾನ.

ನಾನು ಅರ್ಜಿ ಮಡಚಿಟ್ಟುಕೊಂಡೇ ಹೋಗಿದ್ದೆ, ಅಭ್ಯಾಸಬಲ. ನಾಗಮ್ಮ ಭಾಷಣ ಮಾಡಲಿಲ್ಲ. ಕಮಿಟಿಯವರನ್ನೇ ಕೊಟ್ಟಿಗೆಗೆ ಕರೆದು, ಅವರ ಎದುರಿಗೆ ಹಾಲು ಕರೆದು, ಅವರ ಕೈಯಲ್ಲೇ ಕ್ಯಾನು ಹೊರಿಸಿ ತಂದರು. ಕಡ್ಡಿ ಮುಳುಗಿತು. ಕ್ಯಾನನ್ನು ಶಿವಣ್ಣನ ಮೇಜಿನ ಕೆಳಗೇ ಇಡಿಸಿದರು. ಮನೆಗೆ ಒಯ್ದು ಬದಲಾಯಿಸಿದಳು ಎಂದು ನಾಳೆ ಯಾರೂ ಅನ್ನಬಾರದಲ್ಲ. ತಣ್ಣೀರಿನ ತೊಟ್ಟಿಯಲ್ಲಿಟ್ಟರೆ ಬೇಗ ಆರುತ್ತದೆ ಎಂದು ಯಾರೋ ಹೇಳಿದ್ದಕ್ಕೆ, “ಬ್ಯಾಡ ಕಣಪ್ಪ, ಈ ಆಲು ನೀರಿನ ಹತ್ರಕ್ಕೂ ಓಗಾದು ಬ್ಯಾಡ” ಎಂದರು. ಎರಡು ಗಂಟೆ ಎಲ್ಲರೂ ಕಾದರು. ಚೆನ್ನಾಗಿ ಕಲಕಿ ಮತ್ತೆ ಕಡ್ಡಿ ಬಿಟ್ಟರು. ತಲೆಯೆತ್ತಿ ನಿಂತಿತು!

ನಾಗಮ್ಮನವರ ಹಸುಗಳ ಗುಣವೇ ಹೀಗಿರಬಹುದು ಎಂದು ಅಧ್ಯಕ್ಷರು ತಲೆ ಕೆರೆದುಕೊಂಡರು. ಅದಕ್ಕೂ ನಾಗಮ್ಮ ತಯಾರಾಗಿದ್ದರು. ಶಿವಣ್ಣನ ಹಸುವನ್ನು ಆ ಬೆಳಿಗ್ಗೆ ಹಾಲು ಕರೆಯದೆ ಹಾಗೇ ಹಿಡಿದು ತರಲು ಹಿಂದಿನ ದಿನವೇ ಅವನಿಗೆ ಹೇಳಿಟ್ಟಿದ್ದರು. ಡೈರಿಯ ಬಾಗಿಲಲ್ಲೇ ಹಾಲು ಕರೆಸಿದರು. ಸಾಕ್ಷಾತ್ ಸೆಕ್ರೆಟರಿಯ ಹಾಲಿನಲ್ಲಿ ಕಡ್ಡಿ ಮುಳುಗಿತು. ಶಿವಣ್ಣನ ಮುಖ ಪೆಚ್ಚಾಯಿತು. ನಾನಾಗಿದ್ದರೆ ಆ ಕ್ಷಣಕ್ಕೆ ಒಂದಾದರೂ ಚುಚ್ಚುಮಾತು ಆಡದೆ ಬಿಡುತ್ತಿರಲಿಲ್ಲ. ನಾಗಮ್ಮ ಸೇರಿದ್ದವರ ಕಡೆ ತಿರುಗಿ, “ಸಿವಣ್ಣ ನೀರು ಬೆರ್ಸೋ ಮನ್ಸ ಅಲ್ಲ ಕಣ್ರಪ್ಪ. ಬಿಸಿ ಆಲು ಅದು, ಅಷ್ಟೆಯ” ಎಂದರು. ತನ್ನ ಹೆಸರು ಉಳಿಯುವ ಮೊದಲು ಅವನ ಹೆಸರು ಉಳಿಸಿದರು. ಶಿವಣ್ಣ ಕಣ್ಣೊರೆಸಿಕೊಂಡು, “ತಪ್ಪಾಯ್ತು ಕಣವ್ವ” ಎಂದ. ಹಾಲಿನ ಬಿಸಿ ಅಳೆಯುವ ಥರ್ಮಾಮೀಟರ್ ಒಡೆದು ಎಷ್ಟೋ ಕಾಲವಾಗಿತ್ತಂತೆ. ಆ ವಾರವೇ ಹೊಸದು ಬಂತು. ನಾಗಮ್ಮನವರ ಹೆಸರು ಸಂಘದಲ್ಲಿ ಇದ್ದಲ್ಲೇ ಇತ್ತು.

ಅಂದಿನಿಂದ ಮಕ್ಕಳ ಪ್ರಬಂಧ ತಿದ್ದುವಾಗ ನಾನು ಅಂಚಿನಲ್ಲಿ ಒಂದೇ ಪ್ರಶ್ನೆ ಬರೆಯುತ್ತೇನೆ: ‘ಇದನ್ನು ನೀರು ಬೆರೆಸುವವರೂ ಬರೆಯಬಹುದಲ್ಲವೇ?’ ಮೊದಮೊದಲು ಮಕ್ಕಳು ಗಾಬರಿಯಾದರು. ಕಥೆ ಹೇಳಿದ ಮೇಲೆ ಒಬ್ಬ ಹುಡುಗಿ ಗ್ರಂಥಾಲಯದ ಪ್ರಬಂಧವನ್ನು ವಾಪಸ್ಸು ಇಸಿದುಕೊಂಡು ಹೋಗಿ, ಶಾಲೆಯ ಬೀರುವಿನಿಂದ ತಾನು ತಂದ ಒಂದು ಪುಸ್ತಕ ನೋಡಿ ಅಪ್ಪ ರೇಷ್ಮೆಹುಳುವಿನ ರೋಗ ಗುರುತು ಹಿಡಿದದ್ದನ್ನು ಬರೆದು ತಂದಳು. ‘ಬಹಳ ಮುಖ್ಯ’ ಎಂಬ ಮಾತು ಅದರಲ್ಲಿ ಒಂದು ಸಲವೂ ಇರಲಿಲ್ಲ. ಅಕ್ಷರ ಕೋಳಿ ಕೆದಕಿದಂತಿತ್ತು. ಒಂಬತ್ತು ಕೊಟ್ಟೆ.

ಇಷ್ಟು ಬರೆದು, ಮೊನ್ನೆ ನಂಜನಗೂಡಿನಿಂದ ನಾಗಮ್ಮನವರಿಗೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ. ಆಗ ಈ ಬರಹದ ಕೊನೆಯಲ್ಲಿ, ಇಂಥ ಪ್ರಾಮಾಣಿಕ ಜೀವ ಜಿಲ್ಲೆಯಲ್ಲೇ ಇನ್ನೊಂದಿಲ್ಲ ಎಂದಿತ್ತು. ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

“ಎಲ್ಲಾ ಸರಿಯಾಗದೆ ಟೀಚರಮ್ಮ, ಆ ಕಡೇ ಮಾತು ಒಡ್ದಾಕಿ. ಅವತ್ತು ನಾ ತೋರ್ಸಿದ್ದು ಆಲು ಒಳ್ಳೇದು ಅಂತ. ನಾನು ಒಳ್ಳೇಳು ಅಂತ ಎಲ್ಲಿ ತೋರ್ಸಿದ್ದೆ?”

ಹೊಡೆದುಹಾಕಿದ್ದೇನೆ.