ಅಕ್ಕೋರ ಮಧ್ಯಾಹ್ನಗಳು

ಮೊನ್ನೆ ರವಿಕೆ ಹೊಲಿಯಲು ಕೊಡಲೆಂದು ದರ್ಜಿಯ ಅಂಗಡಿಗೆ ಹೋಗಿದ್ದೆ. ಆತ ಯಂತ್ರ ಬಿಚ್ಚಿಟ್ಟುಕೊಂಡು ಸಣ್ಣ ಕುಪ್ಪಿಯಿಂದ ಎಣ್ಣೆ ಬಿಡುತ್ತಿದ್ದ. ಪಕ್ಕದಲ್ಲಿ ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆ ಬಿದ್ದಿತ್ತು. ಆ ಎರಡೂ ವಾಸನೆ ಕೂಡಿ ಮೂಗಿಗೆ ಬಡಿದದ್ದೇ ತಡ, ಬೈಲಹೊಂಗಲದ ಬಜಾರದ ಆ ಮಾಳಿಗೆ ಕಣ್ಣ ಮುಂದೆ ಬಂತು... ಸಾಲಾಗಿಟ್ಟ ಟೈಪ್ ಮಷೀನುಗಳು, ಕಿಟಕಿಯ ಪಕ್ಕ ಇಸ್ತ್ರಿ ಮಾಡಿದ ನೂಲಿನ ಸೀರೆ ಉಟ್ಟು ಕುಳಿತ ಅಕ್ಕೋರು.

ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಅಂತಲೇ ಕರೆಯುವುದು. ಇವರು ಟೈಪಿಂಗ್ ಕಲಿಸುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ಆ ವರ್ಷ ನನ್ನ ತಂಗಿ ಕಾಮಾಲೆಯಾಗಿ ತೀರಿಕೊಂಡಿದ್ದಳು. ಮಣ್ಣು ಮಾಡಿ ಬಂದ ಅಪ್ಪ ಅವಳ ಬಟ್ಟೆ, ಪುಸ್ತಕ ಎಲ್ಲ ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟ. "ಇನ್ನ ಮನ್ಯಾಗ ಆಕಿ ಹೆಸರು ತಗೀಬ್ಯಾಡ. ನಿಮ್ಮವ್ವ ತಾಳಂಗಿಲ್ಲ" ಅಂದ. ನಾನು ತಾಳಲಿಕ್ಕಿಲ್ಲ ಎಂದು ನನ್ನ ಸಲುವಾಗಿ ಅವ್ವನೂ ಸುಮ್ಮನಾದಳು. ಹೀಗೆ ಒಬ್ಬರಿಗಾಗಿ ಒಬ್ಬರು ಬಾಯಿ ಕಟ್ಟಿಕೊಂಡು ಮೂವರೂ ದಿನ ದೂಡತೊಡಗಿದೆವು. ನನಗೆ ಅಳುವೇ ಬರಲಿಲ್ಲ. ಬದಲಿಗೆ ತುತ್ತು ಗಂಟಲಲ್ಲಿ ಇಳಿಯುವುದು ನಿಂತಿತು. ಮೈ ಇಳಿದು ಹೋಯಿತು. ಮನೆಯಿಂದ ಹೊರಗಾದರೂ ಇರಲಿ ಎಂದು ಅಪ್ಪ ನನ್ನನ್ನು ಟೈಪಿಂಗಿಗೆ ಹಾಕಿದ.

ಅಕ್ಕೋರು ರಾಮದುರ್ಗದ ಸೊಸೆಯಾಗಿದ್ದವರು. ಎಷ್ಟೋ ವರ್ಷಗಳ ಹಿಂದೆ ಗಂಡನ ಮನೆಯವರು ಅವರನ್ನು ಹೊರಹಾಕಿ, ಆಗಿನ್ನೂ ನಡೆಯಲು ಕಲಿಯುತ್ತಿದ್ದ ಮಗನನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರಂತೆ. ಇದನ್ನು ಹುಡುಗಿಯರು ಮೆಟ್ಟಿಲಿಳಿಯುವಾಗ ಪಿಸುಗುಟ್ಟುತ್ತಿದ್ದರು. ಅಕ್ಕೋರ ಬಾಯಿಂದ ಮಾತ್ರ ಯಾರೂ ಕೇಳಿದ್ದಿಲ್ಲ.

ಒಂದು ಮಧ್ಯಾಹ್ನ, ಮನೆಯ ಮೌನ ತಡೆಯಲಾರದೆ, ಕ್ಲಾಸಿಗೆ ಇನ್ನೂ ಹೊತ್ತಿರುವಾಗಲೇ ಹೋದೆ. ಅಕ್ಕೋರು ಒಬ್ಬರೇ ಕುಳಿತು ಟೈಪ್ ಮಾಡುತ್ತಿದ್ದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಬೆರಳು ನಿಂತಿರಲಿಲ್ಲ. ಹಾಳೆ ನೋಡಿದರೆ ಪೂರಾ ಬಿಳಿ. ಬರೀ ಅಕ್ಷರ ಬಡಿದ ಗುಳಿಗಳು.

"ಅಕ್ಕೋರ, ಮಸಿ ಮೂಡವಲ್ದರಿ..." ಅಂದೆ.

"ಮೂಡಬಾರದಂತ ರಿಬ್ಬನ್ ಕೆಳಗ ಇಳಿಸೇನಿ" ಅಂದರು, ಕಣ್ಣೊರೆಸಿಕೊಳ್ಳದೆ. "ಒಳಗಿಂದು ಹೊರಗ ಬರಬೇಕು. ಮಂದಿ ಓದಬಾರದು. ನಾನೂ ತಿರುಗಿ ಓದಬಾರದು. ಇದನ್ನ ಯಾರೂ ಹೇಳಿಕೊಟ್ಟಿದ್ದಲ್ಲ ನನಗ. ಹುಚ್ಚು ಹಿಡಿಯೂ ಹೊತ್ತಿನ್ಯಾಗ ನಾನ ಕಂಡ್ಕೊಂಡದ್ದು."

ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಎದ್ದು ಕುರ್ಚಿ ಬಿಟ್ಟುಕೊಟ್ಟರು. "ಕುಂಡ್ರು. ಮೊದಲ ಕಣ್ಣ ಮುಚ್ಚಿ ನಿನ್ನ ನೀನ ಕೇಳು, ಎಲ್ಲಿ ನೋವೈತಿ ಅಂತ. ಎದ್ಯಾಗೋ, ಗಂಟಲದಾಗೋ. ಅವಸರ ಮಾಡಬ್ಯಾಡ. ಅದು ಹೇಳಿದ್ದನ್ನ ಬಡಿ. ಯಾರಿಗೂ ಬೈಯಾಕ ಹೋಗಬ್ಯಾಡ, ಬರೇ ಕೇಳು." ಹೊರಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡರು. ಯಾರೂ ಒಳಗೆ ಬರದಂತೆ ಮೆಟ್ಟಿಲ ಮೇಲೆ ಕುಳಿತಿದ್ದರೆಂದು ಆಮೇಲೆ ತಿಳಿಯಿತು.

ಇದೆಂಥ ಹುಚ್ಚಾಟ ಅನಿಸಿತು. ಆದರೂ ಕೇಳಿಕೊಂಡೆ. ಗಂಟಲಲ್ಲಿ ಏನೋ ಗಟ್ಟಿಯಾಗಿ ಕುಳಿತದ್ದು ಗೊತ್ತಾಯಿತು. ಬೆರಳು ತಾನಾಗಿ ತಂಗಿಯ ಹೆಸರನ್ನು ಬಡಿಯಿತು. ಮತ್ತೆ ಅದೇ ಹೆಸರು. ಮತ್ತೆ... ಹಾಳೆಯ ಕೊನೆಗೆ ಬರುವಷ್ಟರಲ್ಲಿ ನಾನು ಮಷೀನಿನ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದೆ.

ಎಷ್ಟೋ ಮಧ್ಯಾಹ್ನಗಳು ಹಾಗೆ ಕಳೆದವು. ಒಂದು ದಿನ ಅವ್ವ ರೊಟ್ಟಿ ಬಡಿಯುವಾಗ ನಾನು ತಂಗಿಯ ಹೆಸರು ಹೇಳಿ, "ಆಕಿಗೆ ಪುಂಡಿಪಲ್ಯ ಭಾಳ ಸೇರತಿತ್ತಲ್ಲ, ಅವ್ವಾ" ಅಂದುಬಿಟ್ಟೆ. ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ತುಸು ಹೊತ್ತಿಗೆ ಅವ್ವ, "ಬಳ್ಳೊಳ್ಳಿ ಒಗ್ಗರಣಿ ಜಾಸ್ತಿ ಬೇಕಾಕ್ಕಿತ್ತು ಆಕಿಗೆ" ಅಂದಳು. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಬಾಗಿಲಿಗೆ ಬಂದ ಅಪ್ಪ ನಮ್ಮಿಬ್ಬರನ್ನೂ ನೋಡಿ ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತ. ಅಂದಿನಿಂದ ನಮ್ಮ ಮನೆಯಲ್ಲಿ ಮಾತು ಶುರುವಾಯಿತು.

ಕ್ಲಾಸು ಮುಗಿದಿದ್ದರೂ ನಾನು ಅಲ್ಲಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಕೆಲವು ವರ್ಷಗಳ ಮೇಲೆ ಅಕ್ಕೋರಿಗೆ ಯಾರಿಂದಲೋ ಸುದ್ದಿ ಬಂತು, ರಾಮದುರ್ಗದಲ್ಲಿ ಮಗನ ಮದುವೆ. ಕರೆ ಇರಲಿಲ್ಲ. "ನೀ ಜೋಡಿ ಬರ್ತೀಯೇನು?" ಎಂದು ನನ್ನನ್ನು ಕೇಳಿದರು. ಒಂದು ಅಂಗಿ ಬಟ್ಟೆ ಕೊಂಡು ಚೀಲದಲ್ಲಿಟ್ಟುಕೊಂಡರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದರು. ನಿದ್ದೆಯಲ್ಲ ಎಂದು ನನಗೆ ಗೊತ್ತಿತ್ತು.

ಅಕ್ಷತೆ ಬಿದ್ದ ಮೇಲೆ ಊಟದ ಸಾಲಿನ ಕೊನೆಗೆ ಕುಳಿತೆವು. ಮದುಮಗ ಬಂದವರನ್ನು ಉಪಚರಿಸುತ್ತ ನಮ್ಮ ತನಕ ಬಂದ. ಅಕ್ಕೋರು ಅರ್ಧ ಎದ್ದರು. ಆತನ ಕಣ್ಣು ಅವರ ಮುಖದ ಮೇಲೆ ಒಂದು ಗಳಿಗೆ ನಿಂತು ಸರಿಯಿತು. ಅವರಿಗೇ "ಊಟಾ ಮಾಡ್ಕೊಂಡ ಹೋಗ್ರಿ" ಅಂದ. ಮುಂದೆ ಹೋದ.

ನಮ್ಮ ಕಡೆ ಹೆತ್ತವ್ವನಿಗೆ ಯಾರೂ 'ರಿ' ಹಚ್ಚಿ ಮಾತಾಡುವುದಿಲ್ಲ.

ಅಕ್ಕೋರು ಕುಳಿತು ಎಲೆಯಲ್ಲಿದ್ದುದನ್ನೆಲ್ಲ ಉಂಡರು. ಅಂಗಿ ಬಟ್ಟೆ ಚೀಲದಲ್ಲೇ ಉಳಿಯಿತು. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ, "ಗುರ್ತು ಸಿಕ್ಕೈತಿ ಅವಗ" ಅಂದರು. ಅಷ್ಟೇ.

ಮರುದಿನ ಮಧ್ಯಾಹ್ನ ಹೋದಾಗ ಮಷೀನಿಗೆ ಹಾಳೆ ಹಾಕಿತ್ತು. ಅಕ್ಕೋರ ಕೈಗಳು ಮಡಿಲಲ್ಲಿದ್ದವು. "ಇಷ್ಟು ವರ್ಷ ಕುಂತು ಕುಂತು ವಾಸಿ ಆತು ಅಂದ್ಕೊಂಡಿದ್ನಿ. ಆಗಿಲ್ಲ ನೋಡು" ಅಂದರು. ಹೊರಗೆ ಬಂದು ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕುಳಿತೆ. ಬಹಳ ಹೊತ್ತಿನ ಮೇಲೆ ಒಳಗಿಂದ ಮಷೀನಿನ ಒಂದು ಅಕ್ಷರ ಬಡಿದ ಸದ್ದು ಬಂತು. ಆಮೇಲೆ ಇನ್ನೊಂದು. ಸಂಜೆಯ ಹುಡುಗಿಯರು ಬರುವ ಹೊತ್ತಿಗೆ ಅಕ್ಕೋರು ಮುಖ ತೊಳೆದುಕೊಂಡು ಬಾಗಿಲು ತೆರೆದರು. "ಬರ್ರಿ, ಕುಂಡ್ರಿ" ಅಂದರು, ದಿನದ ದನಿಯಲ್ಲೇ.

ನಾನು ಮದುವೆಯಾಗಿ ಕಿತ್ತೂರಿಗೆ ಬಂದೆ. ಬೈಲಹೊಂಗಲದಲ್ಲಿ ಕಂಪ್ಯೂಟರ್ ಕ್ಲಾಸುಗಳು ಶುರುವಾದವು. ಮಷೀನುಗಳನ್ನು ಗುಜರಿಗೆ ಹಾಕಿ ಅಕ್ಕೋರು ಮುನವಳ್ಳಿಯಲ್ಲಿದ್ದ ಅಣ್ಣನ ಮನೆ ಸೇರಿದರು. ಹೋಗಬೇಕು, ಹೋಗಬೇಕು ಅನ್ನುವುದರಲ್ಲೇ... ತೀರಿಕೊಂಡ ಸುದ್ದಿಯೂ ಎಷ್ಟೋ ದಿನದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಗೆಳತಿಯೊಬ್ಬಳ ಬಾಯಿಂದ ಸಿಕ್ಕಿತು.

ದರ್ಜಿಯ ಅಂಗಡಿಯಿಂದ ಬಂದ ಮರುದಿನವೇ ಮುನವಳ್ಳಿಗೆ ಹೋದೆ. ಅಕ್ಕೋರ ಅಣ್ಣನ ಹೆಂಡತಿ, ಈಗ ಬಹಳ ವಯಸ್ಸಾದವರು, ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಮಣ್ಣು ಮಾಡಿದ ಜಾಗ ತೋರಿಸಿದರು. ಸುತ್ತ ಜೋಳ ಎದೆಯುದ್ದ ಬೆಳೆದಿತ್ತು.

"ಮಗಾ ಬಂದಿದ್ದನವಾ ಮಣ್ಣಿಗೆ" ಅಂದರು. "ಮಂದಿ ಎಲ್ಲಾ ಹೋದ ಮ್ಯಾಲೂ ಇಲ್ಲೇ ಕುಂತಿದ್ದ. ಏಳುಮುಂದ 'ಅವ್ವಾ, ಬರ್ತೇನಿ' ಅಂದ. ನಾ ಕಿವಿಯಾರೆ ಕೇಳಿದ್ನಿ."

ಅಷ್ಟು ಹೇಳಿ ಅವರು ಮುಂದೆ ನಡೆದರು. ನಾನು ಬದುವಿನ ಮೇಲೆ ಕುಳಿತೆ. ಆ ಒಂದು ಮಾತು ಜೀವ ಇರುವಾಗ ಕಿವಿಗೆ ಬಿದ್ದಿದ್ದರೆ ಅಕ್ಕೋರಿಗೆ ಸಾಕಾಗುತ್ತಿತ್ತೋ ಏನೋ... ಅದನ್ನು ಈಗ ಯಾರನ್ನು ಕೇಳಲಿ?