ಬಲಗಡೆ ಹೃದಯದ ಚಿಕ್ಕಮ್ಮ

ಡಾಕ್ಟರು ಎದೆಯ ಎಡಗಡೆ ಸ್ಟೆತಾಸ್ಕೋಪ್ ಇಟ್ಟರೆ ರತ್ನ ಚಿಕ್ಕಮ್ಮ ಅದನ್ನು ತಾನೇ ಹಿಡಿದು ಬಲಗಡೆಗೆ ಸರಿಸುತ್ತಿದ್ದಳು. "ಅಲ್ಲೇನೂ ಸಿಗಲ್ಲ ಸಾರ್, ಈ ಕಡೆ ನೋಡಿ. ನಂದು ಹೊಡ್ಕೊಳ್ಳೋದು ಇಲ್ಲಿ." ಅವರು ನಕ್ಕು ಮತ್ತೆ ಎಡಗಡೆಗೇ ಇಡುತ್ತಿದ್ದರು. ಹುಟ್ಟಿದಾಗಿನಿಂದ ಕೆಮ್ಮುವವಳ ಮಾತನ್ನು ಯಾರು ತಾನೇ ಕಿವಿಗೆ ಹಾಕಿಕೊಳ್ಳುತ್ತಾರೆ?

ಅವಳು ನನ್ನಮ್ಮನ ತಂಗಿ. ದೊಡ್ಡಬೆಳವಂಗಲದ ಅಜ್ಜಿ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಅವಳ ಕೆಮ್ಮಿನಿಂದ. ಎದ್ದ ಕೂಡಲೇ ಜಗಲಿಯ ಅಂಚಿಗೆ ಬೋರಲು ಮಲಗಿ, ತಲೆ ಕೆಳಗೆ ಇಳಿಬಿಟ್ಟು, ಅಜ್ಜಿಯ ಕೈಲಿ ಬೆನ್ನಿಗೆ ಗುದ್ದಿಸಿಕೊಳ್ಳುತ್ತಿದ್ದಳು. ಕಫ ಇಳಿಸಲು ಅವಳೇ ಕಂಡುಕೊಂಡ ದಾರಿ ಅದು. "ಇನ್ನೂ ಜೋರಾಗಿ ಗುದ್ದವ್ವ, ಹಳೇ ಸಿಟ್ಟೆಲ್ಲ ತೀರಿಸ್ಕೋ" ಅನ್ನುತ್ತಿದ್ದಳು.

ಊರಿನವರ ಪಾಲಿಗೆ ಅದು ಟಿ.ಬಿ. ಎರಡು ಸಲ ಟಿ.ಬಿ. ಮಾತ್ರೆ ನುಂಗಿಸಿದ್ದೂ ಆಯಿತು. ತಟ್ಟೆ ಬೇರೆ, ಲೋಟ ಬೇರೆ. ಹೆಣ್ಣು ನೋಡಲು ಬಂದವರು ಕಾಫಿ ಮುಟ್ಟದೆ ಎದ್ದು ಹೋದರು. ಕೂಸುಗಳೆಂದರೆ ಪ್ರಾಣ ಬಿಡುವವಳ ಕೈಗೆ ಒಬ್ಬರೂ ಕೂಸು ಕೊಡಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಎಕ್ಸ್‌ರೇ ತೆಗೆದವನು, ಹೃದಯ ಬಲಕ್ಕಿರುವುದನ್ನು ಕಂಡು, ಫಿಲ್ಮೇ ತಿರುಗಾಮುರುಗಾ ಆಗಿದೆಯೆಂದು ಎಡಬಲದ ಗುರುತನ್ನು ತಿದ್ದಿ ಕೊಟ್ಟಿದ್ದ. ಎಷ್ಟೋ ವರ್ಷ ಹಾಗೇ ಹಾಳಾಯಿತು.

ತೊಂಬತ್ತೆರಡರಲ್ಲಿ ನಾನೇ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಅವಳು ತೋರಿಸಿದ ಕಡೆಯೇ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಆಮೇಲೆ, "ಅಪ್ಪ ಅಮ್ಮ ಸಂಬಂಧಿಕರಾ?" ಎಂದರು. ಹೌದು, ಅಜ್ಜಿಯನ್ನು ಸ್ವಂತ ಸೋದರಮಾವನಿಗೇ ಕೊಟ್ಟಿದ್ದರು.

ಊರಿಗೆ ಬಂದವಳೇ ಚಿಕ್ಕಮ್ಮ ಜಗಲಿಯಲ್ಲಿ ಕೂತು ದಾರಿಹೋಕರಿಗೆಲ್ಲ ಹೇಳಿದಳು. "ಉಸಿರಿನ ಕೊಳವೇಲಿ ಸಣ್ಣ ಸಣ್ಣ ಕೂದಲಿರ್ತಾವಂತೆ, ಕಫ ಗುಡಿಸಿ ಹಾಕೋಕೆ. ನನ್ನವು ಹುಟ್ಟಿದಾಗ್ಲಿಂದ್ಲೇ ಕೆಲಸ ಮಾಡ್ತಿಲ್ಲ. ಹೃದಯ ಬಲಕ್ಕೆ ಬಂದಿರೋದೂ ಅದ್ರಿಂದ್ಲೇ ಅಂತೆ. ವಂಶದಿಂದ ಬಂದಿದ್ದು, ಅಂಟೋದಲ್ಲ ಕಣ್ರಪ್ಪಾ!" ಕಾಯಿಲೆಯನ್ನು ಅಷ್ಟು ಸಂತೋಷದಿಂದ ಹೇಳಿಕೊಂಡವರನ್ನು ನಾನು ಕಂಡಿಲ್ಲ. ವಾಸಿಯಾಗುವುದಿಲ್ಲ ಎಂದೂ ಡಾಕ್ಟರಮ್ಮ ಹೇಳಿದ್ದರು. ಅದನ್ನವಳು ತಲೆಗೇ ಹಚ್ಚಿಕೊಳ್ಳಲಿಲ್ಲ.

ಮರುವರ್ಷ ನಾನು ಬಾಣಂತನಕ್ಕೆ ದೇವನಹಳ್ಳಿಯ ತವರಲ್ಲಿದ್ದಾಗ ಬಸ್ಸು ಹತ್ತಿ ಬಂದಳು. ಬಚ್ಚಲಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು, ಸೆರಗಿನಿಂದ ಬಾಯಿ ಮುಚ್ಚಿ ಬಾಗಿಲಲ್ಲಿ ನಿಂತಳು.

"ಒಂದ್ ಗಳಿಗೆ ಕೊಡೇ. ಎತ್ಕೊಂಡು ಕೊಟ್ಬಿಡ್ತೀನಿ."

"ಮಲಗಿದ್ದಾನೆ ಚಿಕ್ಕಮ್ಮ" ಎಂದೆ.

ತೊಟ್ಟಿಲಲ್ಲಿ ಮಗು ಕಣ್ಣು ಬಿಟ್ಟುಕೊಂಡು ಕೈಕಾಲು ಆಡಿಸುತ್ತಿತ್ತು. ಅವಳು ನಿಂತಲ್ಲಿಂದಲೇ ಅದು ಕಾಣುತ್ತಿತ್ತು.

"ಮಲಗ್ಲಿ ಬಿಡವ್ವ, ಎಬ್ಬಿಸ್ಬೇಡ" ಅಂದಳು. ಊಟಕ್ಕೂ ನಿಲ್ಲಲಿಲ್ಲ.

ಆ ಚಳಿಗಾಲ ಎದೆ ಕಟ್ಟಿ ಆಸ್ಪತ್ರೆ ಸೇರಿದವಳು ವಾಪಸು ಬರಲಿಲ್ಲ. ಊರಿನವರು ತಿಳಿಯದೆ ಅವಳನ್ನು ದೂರ ಇಟ್ಟರು. ನಾನು ಎಲ್ಲ ತಿಳಿದೂ ಇಟ್ಟೆ.